ಮಧ್ಯಾಹ್ನ ಬರುವವರು

ನನ್ನ ಅತ್ತೆ ಪಾರ್ವತೆವ್ವನವರನ್ನು ಯಾರು ಹೇಗಿದ್ದೀರಿ ಎಂದು ಕೇಳಿದರೂ ಒಂದೇ ಉತ್ತರ: "ಆರಾಮ ಅದೀನ್ರಿ." ವಿಜಯಪುರದ ಕಡೆ ಅದು ಮರ್ಯಾದೆ. ಕೇಳಿದವರ ಮುಂದೆ ನೋವು ತೋಡಿಕೊಳ್ಳುವುದೆಂದರೆ ಅಲ್ಲಿಯವರಿಗೆ ಅಪಶಕುನ ನುಡಿದಷ್ಟೇ ನಾಚಿಕೆ. ನಾನು ಬೆಂಗಳೂರಿನವಳು, ತಲೆನೋವು ಬಂದರೆ ಆಟೋದವನಿಗೂ ಹೇಳಿಯೇ ಹತ್ತುವವಳು. ಈ ಮರ್ಯಾದೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಚಳಿಗಾಲ ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಅತ್ತೆ ಮೆಲ್ಲಗೆ ಕರಗುತ್ತಿದ್ದರು. ಹೀಟರ್ ಬಿಸಿಯಾಗಿದ್ದರೂ ಸ್ವೆಟರ್ ಮೇಲೆ ಸ್ವೆಟರ್. ದನಿ ದಪ್ಪವಾಗಿತ್ತು, ಮಾತು ನಿಧಾನ. ರೊಟ್ಟಿ ಬಡಿಯುವುದನ್ನೇ ಬಿಟ್ಟರು. ಮಧ್ಯಾಹ್ನದ ಮಂಕು ಬೆಳಕು ಕಾರ್ಪೆಟ್ಟಿನ ಮೇಲೆ ಹಾಲು ಚೆಲ್ಲಿದಂತೆ ಬಿದ್ದಿರುತ್ತಿತ್ತು. ಅತ್ತೆ ಕಣ್ಣು ಅರೆಮುಚ್ಚಿ ಯಾರ ಮಾತಿಗೋ ತಲೆಯಾಡಿಸುತ್ತ, ಒಮ್ಮೊಮ್ಮೆ ನಗುತ್ತ ಕೂತಿರುತ್ತಿದ್ದರು. ಆ ಬೆಳಕಿನಲ್ಲಿ ಅವರನ್ನು ನೋಡುತ್ತಿದ್ದರೆ ನನಗೂ ಜೊಂಪು ಹತ್ತುತ್ತಿತ್ತು, ಜೊತೆಗೇ ಹೆದರಿಕೆಯೂ ಆಗುತ್ತಿತ್ತು.

ನ್ಯೂಜೆರ್ಸಿಯ ನನ್ನಣ್ಣ ಫೋನಿನಲ್ಲಿ, "ಮೆಡಿಕೇರ್ ತಗೊಳ್ಳೋ ಫಿಸಿಷಿಯನ್ ಅಸಿಸ್ಟೆಂಟ್ ಹತ್ತಿರದಲ್ಲಿ ಯಾರಾದ್ರೂ ಇದ್ದಾರಾ ನೋಡೇ" ಅಂದ. ಅದು ನಿಮ್ಮ ಕಡೆಯ ಮುದುಕರ ಸರ್ಕಾರಿ ವಿಮೆ, ಇಲ್ಲಿ ಆ ಮಾತೇ ಇಲ್ಲ, ಜಿಪಿ ಎಂಬ ಬಡಾವಣೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದರೆ ಸಾಕು ಎಂದೆ. ಕಷ್ಟವೆಲ್ಲ ಆಮೇಲಿನದು. ಬೆಳಿಗ್ಗೆ ಫೋನ್ ಹಿಡಿದು ಕೂತರೆ, ಲೈನ್ ಸಿಗುವಷ್ಟರಲ್ಲಿ ಆ ದಿನದ ಅಪಾಯಿಂಟ್‌ಮೆಂಟ್ ಮುಗಿದಿರುತ್ತದೆ. ಅಂತೂ ಒಮ್ಮೆ ಡಾಕ್ಟರ್ ಸಿಕ್ಕರು. ಅತ್ತೆ ಅವರಿಗೂ "ಆರಾಮ" ಎಂದು ಕೈಮುಗಿದು ಎದ್ದುಬಂದರು. ನಾನು ಹಲ್ಲು ಕಚ್ಚಿಕೊಂಡೆ.

ಮುಂದಿನ ಸಲ ಡಾಕ್ಟರೇ ನಮ್ಮನ್ನು ತಮ್ಮ ಕೈಕೆಳಗೆ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಬಳಿ ಕಳಿಸಿದರು. ಪ್ರಿಯಾಂಕಾ ಎಂಬ ಹುಡುಗಿ. ಬೆಳಗಾವಿಯ ಮನೆತನ, ಬೆಳೆದದ್ದು ಇಲ್ಲೇ ಹತ್ತಿರದ ಅಕ್ಸ್‌ಬ್ರಿಡ್ಜ್. ಅವಳು ಹೇಗಿದ್ದೀರಿ ಎಂದು ಕೇಳಲೇ ಇಲ್ಲ.

"ಅಜ್ಜಿ, ನಿನ್ನೆ ಮಧ್ಯಾಹ್ನ ಏನ್ ಮಾಡಿದ್ರಿ?" ಎಂದಳು.

ಅತ್ತೆಯ ಮುಖ ಅರಳಿತು. "ಇಕಿ ಮಾವ ಬಂದಿದ್ರವಾ. ದಿನಾ ಬರ್ತಾರ. ಮಜ್ಜಗಿ ಕೇಳ್ತಾರ, ಕುಂತು ಮಾತಾಡ್ತಾರ. ಬಸ್ ಡ್ರೈವರ್ ಇದ್ರು. ಇದ್ದಾಗ ಒಂದ್ ದಿನಾ ಮಧ್ಯಾಹ್ನ ಮನ್ಯಾಗ ಕುಂತವ್ರಲ್ಲ."

ಮಾವ ತೀರಿಕೊಂಡು ವರ್ಷಗಳೇ ಆಗಿವೆ, ನಾನು ಮದುವೆಯಾಗಿ ಬರುವ ಮೊದಲೇ ಹೋದವರು. ಪ್ರಿಯಾಂಕಾ ನಗಲಿಲ್ಲ. ಅತ್ತೆಯ ತಣ್ಣಗಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಚಳಿ, ನಿದ್ದೆ, ಉದುರುವ ಕೂದಲು ಎಲ್ಲವನ್ನೂ ವಿಚಾರಿಸಿದಳು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ತೀರಾ ಕುಗ್ಗಿರುವುದು ಗೊತ್ತಾಯಿತು. ಚಳಿ, ಜೊಂಪು, ಇಲ್ಲದವರು ಕಾಣುವುದು ಎಲ್ಲ ಅದರಿಂದಲೇ, ಹೀಗೇ ಬಿಟ್ಟರೆ ಒಂದು ದಿನ ಆ ನಿದ್ದೆಯಿಂದ ಏಳದೇ ಹೋಗಬಹುದು ಎಂದರು ಡಾಕ್ಟರ್. ಗುಳಿಗೆ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತೇ ಇದ್ದರು.

"ಸೌಜನ್ಯಾ, ಇದನ್ನ ನುಂಗಿದ್ರ ಅವರು ಬರೂದಿಲ್ಲ, ಹೌದಿಲ್ಲೋ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಬರಲ್ಲ ಅನ್ಸುತ್ತೆ ಅತ್ತೆ" ಎಂದೆ.

"ಹಂಗಾರ ಇವತ್ತೊಂದಿನ ತಡಿ. ಹೇಳಿ ಕಳಸ್ತೀನಿ."

ಜಗಳವಾಡಬೇಕೆಂದು ಬಾಯಿ ತೆರೆದವಳು ಅಡುಗೆಮನೆಗೆ ಹೋಗಿ ಮಜ್ಜಿಗೆ ಕಡೆದೆ. ಮಧ್ಯಾಹ್ನವಾದಾಗ ಒಗ್ಗರಣೆ ಹಾಕಿ ಎರಡು ಲೋಟ ಕಿಟಕಿಯ ಹತ್ತಿರ ಇಟ್ಟೆ. ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ. ಒಳಗೆ ಬಹಳ ಹೊತ್ತು ಪಿಸುಮಾತು ಕೇಳುತ್ತಿತ್ತು. ಬೀದಿಯಲ್ಲಿ ಬಸ್ಸುಗಳು ಮೆತ್ತಗೆ ಹಾದುಹೋಗುತ್ತಿದ್ದವು. ನಾನು ಮೆಟ್ಟಿಲ ಮೇಲೆ ಕೂತು, ಎಂದೂ ನೋಡದ ಮಾವನಿಗಾಗಿ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಅತ್ತೆ ತಾವೇ ನೀರು ಕೇಳಿ ಗುಳಿಗೆ ನುಂಗಿದರು.

ತಡೆಯಲಾರದೆ ಕೇಳಿದೆ: "ಏನಂದ್ರು ಅತ್ತೆ?"

ಅವರು ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಏನಂತಾರ. ಡ್ಯೂಟಿಗೆ ಹೊತ್ತಾತು ಅಂದ್ರು."