ಕರೆಂಟ್ ಇಲ್ಲದ ಹೊತ್ತು

ನಮ್ಮ ರಾಯಲ್ಪಾಡಿನ ಕಡೆ ಗುಡುಗು ಕೇಳಿದರೆ ಸಾಕು, ಕರೆಂಟ್ ತೆಗೆಯುತ್ತಾರೆ. ಮಳೆ ನಿಲ್ಲುವವರೆಗೆ ಮತ್ತೆ ಬರುವುದಿಲ್ಲ. ಆ ಧೈರ್ಯದಿಂದಲೇ ನಾವೆಲ್ಲ ಬೋರ್‌ವೆಲ್ ಸ್ಟಾರ್ಟರಿನ ರಿಪೇರಿಯನ್ನು ಅದೇ ಹೊತ್ತಿಗೆ ಇಟ್ಟುಕೊಳ್ಳುತ್ತೇವೆ.

ಆ ಭಾನುವಾರ ಸಂಜೆಯೂ ಗುಡುಗಿತು, ಕರೆಂಟ್ ಹೋಯಿತು. ಎರಡು ದಿನದಿಂದ ಮೋಟರ್ ಕೈಕೊಟ್ಟು ನನಗೆ ತಲೆ ಕೆಟ್ಟಿತ್ತು. ಸ್ಕ್ರೂಡ್ರೈವರ್ ಹಿಡಿದು ಟೊಮೆಟೊ ತೋಟದ ಶೆಡ್ಡಿಗೆ ಓಡಿದೆ. ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈ ಹಾಕಿದೆ. ತುಕ್ಕು ಹಿಡಿದ ಸ್ಕ್ರೂ ತಿರುಗಲೇ ಇಲ್ಲ. ಹೊರಗೆ ಮಿಂಚಿಗೂ ಗುಡುಗಿಗೂ ನಡುವಿನ ಅಂತರ ಕಡಿಮೆಯಾಗುತ್ತ ಬಂತು.

ಹಸು ಹೊಡೆದುಕೊಂಡು ಹೋಗಲು ಬಂದಿದ್ದ ಅಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಳು, "ಲೇ, ಕೈ ತೆಗಿಯೋ!"

"ಕರೆಂಟೇ ಇಲ್ವಲ್ಲಮ್ಮ, ಏನಾಗುತ್ತೆ?"

"ಕಂಬದಲ್ಲಿಲ್ಲ ಸರಿ. ಮೇಲಿರೋದೇನು ಮತ್ತೆ?"

ನನಗೆ ರೇಗಿತು. ಓದು ಬರಹ ಬಾರದವಳಿಗೆ ಬಿಡಿಸಿ ಹೇಳೋಣವೆಂದು ಕೈ ತೆಗೆದು ಅವಳತ್ತ ನಡೆದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಎಲ್ಲೋ ಲೈನಿಗೆ ಸಿಡಿಲು ಹೊಡೆಯಿತು. ನನ್ನ ಬೆನ್ನ ಹಿಂದೆ ಪಟಾರನೆ ಸದ್ದಾಗಿ ಶೆಡ್ಡೆಲ್ಲ ನೀಲಿಯಾಯಿತು. ತಿರುಗಿ ನೋಡಿದರೆ ಡಬ್ಬಿಯಿಂದ ಹೊಗೆ ಬರುತ್ತಿತ್ತು. ನಾನು ಕೈ ಇಟ್ಟಿದ್ದ ಜಾಗ ಸುಟ್ಟು ಕರಕಲಾಗಿತ್ತು.

ಅಮ್ಮ ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವುದು ಅದೇ ಬೆರಳುಗಳಿಂದ: ಮಿಂಚು ಕೂಡ ವಿದ್ಯುತ್ತೇ.