ದೇವಕಿ ಅತ್ತೆಯ ವಂತಿಗೆ

ಹೊಳೆಯ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ತೆಂಗಿನ ಸಿಪ್ಪೆಯ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಹೊನ್ನಾವರದ ಹತ್ತಿರದ ನಮ್ಮ ಹಳೆಯ ಮನೆ, ಅದರ ಹಿತ್ತಲಲ್ಲಿ ಕಾಲು ಚಾಚಿ ಕುಳಿತು ನಾರು ಬಡಿಯುತ್ತಿದ್ದ ದೇವಕಿ ಅತ್ತೆ ಕಣ್ಣಿಗೆ ಕಟ್ಟುತ್ತಾಳೆ. ಅತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಹಗ್ಗ ಹೊಸೆದು ಮಾರಿ ಬಂದದ್ದಷ್ಟೇ ಅವಳದು; ಅದರಲ್ಲೇ ನನಗೆ ಪಾಟಿ, ಅಮ್ಮನಿಗೆ ಬಳೆ ಬರುತ್ತಿದ್ದವು.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಚುನಾವಣೆ ಬಂತು. ಕೇರಿಯ ಹೆಂಗಸರಿಗೆ ಸಂಜೆ ಅಕ್ಷರ ಕಲಿಸುತ್ತಿದ್ದ ಮಾಸ್ತರರು ಕೆಲಸ ಬಿಟ್ಟು ನಿಂತರು. ಎದುರಾಳಿ, ಅಪ್ಪ ಗುಮಾಸ್ತನಾಗಿದ್ದ ಸಾಮಿಲ್ಲಿನ ಸಾಹುಕಾರರು. ಮಾಸ್ತರರಿಗೆ ಜೀಪಿನ ಪೆಟ್ರೋಲಿಗೂ ಗತಿಯಿರಲಿಲ್ಲ. ನಾರು ಬಡಿಯುವ ಹೆಂಗಸರು ತಮ್ಮತಮ್ಮಲ್ಲೇ ವಂತಿಗೆ ಎತ್ತಿದರು. ಅತ್ತೆಯೂ ಕೊಟ್ಟು, "ನಿನ್ನ ಅಪ್ಪನ ಹತ್ರ ಹೇಳೂಕೆ ಹೋಗ್ಬೇಡ, ಆತಾ?" ಎಂದಳು.

ಯಾರು ಯಾರು ಬರುತ್ತಾರೆ ನೋಡಿಕೊಂಡು ಬಾ ಎಂದು ಸಾಹುಕಾರರು ಅಪ್ಪನನ್ನು ಮಾಸ್ತರರ ಸಭೆಗೆ ಕಳಿಸಿದ್ದರು. ನಾನೂ ಅಪ್ಪನ ಕೈಹಿಡಿದು ಹೋಗಿದ್ದೆ. ಕೃತಜ್ಞತೆಯ ಭರದಲ್ಲಿ ಮಾಸ್ತರರು ದುಡ್ಡು ಕೊಟ್ಟ ಹೆಂಗಸರ ಹೆಸರುಗಳನ್ನೆಲ್ಲ ಮೈಕಿನಲ್ಲಿ ಓದಿಬಿಟ್ಟರು. ಅತ್ತೆಯ ಹೆಸರು ಬಂದಾಗ ನನ್ನ ಬೆರಳುಗಳ ಮೇಲೆ ಅಪ್ಪನ ಹಿಡಿತ ಬಿಗಿಯಿತು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. "ಹೆಸ್ರು ಓದ್ತ್ರು ಅಂತ ಗೊತ್ತಿರ್ಲಿಲ್ಲ ತಮ್ಮಾ. ನಿನ್ನ ಕೆಲ್ಸ ಹೋತದೆ. ವಾಪಸ್ ಕೇಳ್ತೆ."

"ಕೇಳ್ಬೇಡ. ಕೊಟ್ಟದ್ದು ಕೊಟ್ಟಾತು," ಎಂದ ಅಪ್ಪ ಊಟಕ್ಕೆ ಏಳಲಿಲ್ಲ.

ಮರುದಿನವಿಡೀ ಅತ್ತೆ ನಾರು ಮುಟ್ಟಲಿಲ್ಲ. ಅಂಗಳ ದಾಟಿ ದಾರಿಗೆ ತೆರೆಯುವ ದಣಪೆಯ ಕಡೆಗೇ ನೋಡುತ್ತಿದ್ದಳು. ಸಂಜೆ ಅಪ್ಪ ಬಂದವನು ಜಗಲಿಯಲ್ಲಿ ಕುಳಿತು ನಗತೊಡಗಿದ. ನಿನ್ನ ಅಕ್ಕನೇ ಹೀಗೆ ಮಾಡಿದಳಲ್ಲ ಎಂದು ಸಾಹುಕಾರರು ಕೇಳಿದರಂತೆ. "ಅದು ಅವ್ಳು ದುಡ್ದ ದುಡ್ಡು, ನಾನೆಂತ ಹೇಳೂದು?" ಎಂದನಂತೆ ಅಪ್ಪ. ಸಾಹುಕಾರರು ದನಿ ತಗ್ಗಿಸಿ, "ನಮ್ಮನೆಯವ್ಳೂ ಕೊಟ್ಟಿದ್ದಾಳೆ ಮಾರಾಯಾ. ಹೆಸ್ರು ಮಾತ್ರ ಓದ್ಬೇಡಿ ಅಂದಿದ್ಳಂತೆ. ಹೋಗು, ಕೆಲ್ಸ ನೋಡು," ಎಂದರಂತೆ. ಅತ್ತೆ ಕಂಬಕ್ಕೊರಗಿ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಯೇ ಉಸಿರು ಬಿಟ್ಟಂತಾಯಿತು.

ಮಾಸ್ತರರು ಸೋತರು. ಅತ್ತೆಗೆ ಅದರಿಂದ ಬೇಸರವಾದರೂ, ಕೊಟ್ಟದ್ದಕ್ಕೆ ಎಂದೂ ಮರುಗಲಿಲ್ಲ. ಈಗ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ. ಮನೆಯಿದ್ದ ಜಾಗದಲ್ಲಿ ರಸ್ತೆ ಹಾದಿದೆ. ನಿಮ್ಮ ಬಾಲ್ಯದಲ್ಲೂ ಅಂಥವರಿದ್ದರೆ ನನ್ನ ಮಾತು ನಿಮಗೆ ತಿಳಿದೀತು. ಆ ಚುನಾವಣೆಯ ಮತದಾನದ ದಿನ ಸುಡುಬಿಸಿಲಿತ್ತು. ಅಕ್ಕ ತಮ್ಮ ಇಬ್ಬರೂ ಒಂದೇ ಕೊಡೆಯ ಕೆಳಗೆ ಶಾಲೆಯತ್ತ ನಡೆದರು, ಬೇರೆ ಬೇರೆ ಗುರುತಿಗೆ ಮತ ಹಾಕಲು. ಕೊಡೆಯನ್ನು ಮಾತ್ರ ಅಪ್ಪ ದಾರಿಯುದ್ದಕ್ಕೂ ಅವಳ ಕಡೆಗೇ ವಾಲಿಸಿ ಹಿಡಿದಿದ್ದ.