ಸಾಣೆ ಹಿಡಿದ ಬಾಯೊನೆಟ್ಟು

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ತೊಂಬತ್ತರ ದಶಕದ ಆರಂಭದಲ್ಲಿ ಪಾಂಡವಪುರದ ಕಚೇರಿಯೊಂದರಲ್ಲಿ ಗುಮಾಸ್ತನಾದ ಮೇಲೆ, ಬಂದೂಕಿನ ತುದಿಗೆ ಸಿಗಿಸುವ ಹಳೆಯ ಬಾಯೊನೆಟ್ಟುಗಳನ್ನು ಸಂಗ್ರಹಿಸುವ ಹವ್ಯಾಸ ನನಗೆ ಅಂಟಿಕೊಂಡಿತು. ಭಾನುವಾರಗಳಂದು ಶ್ರೀರಂಗಪಟ್ಟಣ, ನಾಗಮಂಗಲಗಳ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದೆ. ಒಂದು ದೇಶದ ಕಾರ್ಖಾನೆಯು ಇನ್ನೊಂದು ದೇಶದ ಸೈನ್ಯಕ್ಕೆಂದು ಗುತ್ತಿಗೆಯ ಮೇಲೆ ಮಾಡಿಕೊಟ್ಟವು ನನಗೆ ವಿಶೇಷ ಪ್ರಿಯ. ಅಂಥವುಗಳ ಅಲಗಿನ ಬುಡದಲ್ಲಿ ಕೊಂಡ ದೇಶದ ಮುದ್ರೆಯಿರುತ್ತದೆ. ಆ ಮುದ್ರೆ ಅಳಿದರೆ ಬಾಯೊನೆಟ್ಟು ಯಾರಿಗಾಗಿ ಮಾಡಿದ್ದೆಂದು ಹೇಳಲಾಗದು.

ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ ಒಬ್ಬರು ಅಂಥದೊಂದನ್ನು ನೆಲಕ್ಕೆ ನೆಟ್ಟು ತೆಂಗಿನಕಾಯಿ ಸುಲಿಯುತ್ತಿದ್ದರು. ಅವರಿಗೆ ಹೊಸ ಹಾರೆಯೊಂದನ್ನು ಕೊಡಿಸಿ, ಆ ಬಾಯೊನೆಟ್ಟನ್ನು ಕಿರಂಗೂರಿನ ನಮ್ಮ ಮನೆಗೆ ತೆಗೆದುಕೊಂಡು ಬಂದೆ. ತುಕ್ಕಿನಡಿಯಲ್ಲಿ ನನಗೆ ಓದಲಾಗದ ಲಿಪಿಯ ಮುದ್ರೆಯಿತ್ತು. ಮೈಸೂರಿನ ಇತಿಹಾಸದ ಅಧ್ಯಾಪಕರೊಬ್ಬರಿಗೆ, ತಪ್ಪಾದೀತೆಂದು ಮೂರು ಬಾರಿ ತಿದ್ದಿ, ಪತ್ರ ಬರೆದೆ. ಮುದ್ರೆಯ ಮೇಲೆ ಕಾಗದವಿಟ್ಟು, ಪೆನ್ಸಿಲಿನಿಂದ ಉಜ್ಜಿ, ಅಚ್ಚನ್ನು ಕಳುಹಿಸಬೇಕೆಂದು ಅವರ ಉತ್ತರ ಬಂದದ್ದು ಆಯುಧಪೂಜೆಯ ಹಿಂದಿನ ದಿನ.

ಪೂಜೆಗೆ ಮುನ್ನ ಮನೆಯ ಕುಡುಗೋಲು, ಮಚ್ಚುಗಳನ್ನೆಲ್ಲ ಕುಲುಮೆಗೆ ಒಯ್ದು ಸಾಣೆ ಹಿಡಿಸುವುದು ನಮ್ಮಲ್ಲಿ ವಾಡಿಕೆ. ಸಂಜೆ ನಾನು ಮನೆಗೆ ಬಂದಾಗ ಅಪ್ಪ ಆ ಬಾಯೊನೆಟ್ಟನ್ನು ಹಿಡಿದು ಜಗಲಿಯಲ್ಲೇ ಕಾದಿದ್ದರು.

"ನೋಡ್ಲಾ, ಎಂಗೆ ಮಿಂಚ್ತದೆ! ಸಾಣೆ ಸವೆದೋಯ್ತದೆ ಅಂತ ಆಚಾರಿ ಬೈಕಂಡ, ನಾನ್ ಬುಡ್ನಿಲ್ಲ. ನನ್ ಮಗ ಜ್ವಾಪಾನ ಮಾಡಿರೋ ಸಾಮಾನು ಕಣ್ಲಾ, ತುಕ್ಕಿನ್ ಮ್ಯಾಲೆ ಕುಂಕುಮ ಇಡೋಕಾದದಾ?"

ಅಲಗಿನ ಬುಡ ಕನ್ನಡಿಯಂತೆ ನುಣುಪಾಗಿತ್ತು.

"ಓದುಬರಹವಿಲ್ಲದವರು ನನ್ನ ವಸ್ತುಗಳನ್ನು ಮುಟ್ಟಕೂಡದು," ಎಂದೆ, ಕಚೇರಿಯ ಕಡತದ ಭಾಷೆಯಲ್ಲಿ. ಅಪ್ಪ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು ಕೊಟ್ಟಿಗೆಯ ಕಡೆಗೆ ಹೋದರು.

ಮರುವರ್ಷ ಆಯುಧಗಳ ಸಾಲಿನ ಮುಂದೆ ಕುಂಕುಮದ ಬಟ್ಟಲು ಹಿಡಿದು ಕುಳಿತ ಅಪ್ಪ, ಬಾಯೊನೆಟ್ಟಿನ ಬಳಿ ತಡೆದರು.

"ಇದ್ಕೂ ಇಡ್ಬೋದೇನಪ್ಪಾ? ಏನೂ ಆಗಕಿಲ್ವಾ?"

ಆ ಒಂದು ವರ್ಷದಲ್ಲಿ ಅವರು ನನ್ನನ್ನು 'ಲಾ' ಎಂದು ಕರೆದಿರಲಿಲ್ಲ.

"ಇಡಿ ಅಪ್ಪಾ," ಎಂದೆ. ಅವರು ಕಬ್ಬಿಣವನ್ನು ಮುಟ್ಟದೆ, ಮರದ ಹಿಡಿಯ ತುದಿಗೆ ಸಾಸಿವೆಯಷ್ಟು ಕುಂಕುಮ ಇಟ್ಟರು. ಕ್ಷಮೆ ಕೇಳಲು ನಾನು ಸರಿಯಾದ ಮಾತನ್ನು ಹುಡುಕುತ್ತಲೇ ಇದ್ದೆ.

ಅದರ ಮುಂದಿನ ಪೂಜೆಗೆ ಅಪ್ಪ ಇರಲಿಲ್ಲ. ಕುಡುಗೋಲು, ಮಚ್ಚುಗಳನ್ನು ನಾನೇ ಕುಲುಮೆಗೆ ಒಯ್ದೆ.

"ಆ ಉದ್ದಂದು ತರ್ನಿಲ್ವಾ ಸ್ವಾಮಿ? ನಿಮ್ಮಪ್ಪ ಅದ್ನ ಅರ್ಧ ದಿನ ಉಜ್ಜುಸಿದ್ರು," ಎಂದರು ಆಚಾರಿ.

ತಂದಿಲ್ಲವೆಂದೆ. ಅದರ ಹಿಡಿಯನ್ನು ನಾನು ಇಂದಿಗೂ ಒರೆಸಿಲ್ಲ.